ಊರು ದಾಟಿದ ಮೇಲೆ ಹೇಳಿದ ಸಾಕ್ಷಿ

ನಮ್ಮ ಪ್ರಾರ್ಥನಾ ಸಭೆಯಲ್ಲಿ ಸಾಕ್ಷಿ ಹೇಳುವುದೆಂದರೆ ಕೋರ್ಟಿನಲ್ಲಿ ಹೇಳುವ ಸಾಕ್ಷಿಯಲ್ಲ. ಭಾನುವಾರದ ಆರಾಧನೆಯ ನಡುವೆ ಪಾಸ್ಟರು, “ಯಾರಾದ್ರೂ ಸಾಕ್ಷಿ ಹೇಳ್ತೀರೇನ್ರಿ?” ಎಂದು ಕೇಳುತ್ತಾರೆ. ಒಬ್ಬರು ಎದ್ದು ನಿಂತು, ತಾವು ಮೊದಲು ಎಂಥ ಪಾಪಿಯಾಗಿದ್ದೆವು, ಯೇಸುಸ್ವಾಮಿ ತಮ್ಮನ್ನು ಹೇಗೆ ಮೇಲೆತ್ತಿದರು ಎಂದು ಹೇಳಬೇಕು. ಮುಗಿದ ಮೇಲೆ ಎಲ್ಲರೂ “ಸ್ತೋತ್ರ” ಎನ್ನುತ್ತಾರೆ.

ಇದರಲ್ಲೂ ಮೇಲು ಕೀಳು ಉಂಟು. ಕುಡುಕರ ಸಾಕ್ಷಿಗೆ ಮೊದಲ ಮಣೆ. ನಮ್ಮಲ್ಲೊಬ್ಬ ಆಟೋ ಡ್ರೈವರು, ಕುಡಿದು ಚರಂಡಿಯಲ್ಲಿ ಬಿದ್ದಿದ್ದೆ ಎಂದು ಶುರು ಮಾಡಿದರೆ ಸಾಕು, ಹಿಂದೆ ಗೋಡೆಗೆ ಒರಗಿದವರೂ ಮುಂದೆ ಜರುಗುತ್ತಿದ್ದರು. ವಿಶ್ವಾಸಿಗಳ ಮನೆಯಲ್ಲೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳಿದ್ದಳು. ಪಾಪ, ಅವಳಿಗೆ ಹೇಳಿಕೊಳ್ಳಲು ಏನೂ ಇಲ್ಲ. ಅವ್ವನಿಗೆ ಎದುರು ಮಾತಾಡಿದ್ದೆ ಎಂದು ಹೇಳಿ ಕೂತುಬಿಡುತ್ತಿದ್ದಳು. ಅವಳನ್ನು ಕಂಡರೆ ನನಗೆ ಕನಿಕರ ಬರುತ್ತಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಬರುತ್ತಿದ್ದದ್ದು ನಿಜ. ನನ್ನ ಹತ್ತಿರ ಕಳ್ಳತನವಿತ್ತಲ್ಲ, ಅದರ ಜಂಬ.

ನನ್ನ ಊರು ಮೊಳಕಾಲ್ಮೂರು. ರೇಷ್ಮೆ ಸೀರೆ ನೇಯುವವರ ಕೇರಿಯಲ್ಲೇ ಮನೆ. ಮಗ್ಗದ ಮೇಲೆ ಗಂಡಸರು ಕೂರುತ್ತಾರೆ. ಲಾಳಿಯೊಳಗೆ ಕೂರಿಸುವ ಬೆರಳುದ್ದದ ಕಂಡಿಕೆಗೆ ರಾಟೆಯಲ್ಲಿ ನೂಲು ಸುತ್ತಿಕೊಡುವುದು ನಮ್ಮಂಥ ಹೆಂಗಸರ ಕೆಲಸ. ಎಸ್ಸೆಸ್ಸೆಲ್ಸಿ ಫೇಲಾದ ವರ್ಷವೇ ನಾನು ರಾಟೆಗೆ ಕೂತೆ. ಮದುವೆಯಾದದ್ದೂ ಅದೇ ಕೇರಿಗೆ. ಹಾಗಾಗಿ ಇಪ್ಪತ್ತು ಚಿಲ್ಲರೆ ವರ್ಷ ಮಗ್ಗಗಳ ಒಡೆಯರಾದ ಒಂದೇ ಯಜಮಾನರ ಜಗಲಿಯಲ್ಲಿ ನೂಲು ಸುತ್ತಿದ್ದೇನೆ.

ನನ್ನ ಸಾಕ್ಷಿ ಹೀಗಿತ್ತು. ಮಗುವಿಗೆ ಜ್ವರ ನೆತ್ತಿಗೇರಿತ್ತು. ಡಾಕ್ಟರ ಹತ್ತಿರ ಹೋಗಲು ಕೈಯಲ್ಲಿ ಏನೂ ಇರಲಿಲ್ಲ. ಸೈತಾನ ಕಿವಿಯಲ್ಲಿ ಊದಿದ. ನಾನು ಯಜಮಾನರ ಮನೆಯ ಜರಿಯ ಎರಡು ರೀಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಆ ಪಾಪ ನನ್ನನ್ನು ವರ್ಷಗಟ್ಟಲೆ ತಿಂದಿತು, ಕೊನೆಗೆ ಯೇಸುಸ್ವಾಮಿಯ ಪಾದಕ್ಕೆ ಬಿದ್ದೆ, ಅವರು ತಮ್ಮ ರಕ್ತದಿಂದ ತೊಳೆದು ನನ್ನನ್ನು ಹಿಮದ ಹಾಗೆ ಬಿಳುಪು ಮಾಡಿದರು. ಇಲ್ಲಿ ನನ್ನ ಗಂಟಲು ಕಟ್ಟುತ್ತಿತ್ತು. ಪ್ರತಿ ಸಲ ಅದೇ ಜಾಗದಲ್ಲಿ ಕಟ್ಟುತ್ತಿತ್ತು.

ಕೇಳಿದವರು ಅತ್ತಿದ್ದಾರೆ. ಒಂದು ಸಣ್ಣ ತೊಡಕಿತ್ತು: ಜರಿ ಕದ್ದಾಗ ನನಗೆ ಮಗುವೇ ಇರಲಿಲ್ಲ. ಮದುವೆಯೇ ಆಗಿರಲಿಲ್ಲ. ಮಗುವೂ ಜ್ವರವೂ ಸಾಕ್ಷಿಯಲ್ಲಿ ಹುಟ್ಟಿದ್ದು, ಅದೂ ಒಂದೇ ಸಲಕ್ಕಲ್ಲ. ನಮ್ಮೂರಿನ ಸಭೆಯಲ್ಲಿ ನಾನು “ಕಳ್ಳಿಯಾಗಿದ್ದೆ” ಎಂದಷ್ಟೇ ಹೇಳುತ್ತಿದ್ದೆ. ಜರಿ ಎಂದರೆ ಯಾರ ಮನೆಯದು ಎಂಬ ಪ್ರಶ್ನೆ ಬರುತ್ತದೆ. ಸಿದ್ದಾಪುರದಲ್ಲಿ ಒಬ್ಬರ ಮನೆಯ ಕೂಟಕ್ಕೆ ಕರೆದಾಗ ಜರಿಯ ಹೆಸರು ಹೇಳಿದೆ. ತಳಕಿನಲ್ಲಿ ಮಗು ಬಂತು. ಪರಶುರಾಂಪುರ ಮುಟ್ಟುವ ಹೊತ್ತಿಗೆ ಮಗುವಿಗೆ ಫಿಟ್ಸ್ ಕೂಡ ಬಂದಿತ್ತು. ಬಸ್ಸು ಊರು ದಾಟಿದಷ್ಟೂ ನನ್ನ ಪಾಪ ದೊಡ್ಡದಾಗುತ್ತಿತ್ತು, ಅದರ ಜೊತೆಗೆ ನಾನೂ.

ನಡೆದದ್ದನ್ನು ನಡೆದ ಹಾಗೆ ಈಗ ಬರೆಯುತ್ತೇನೆ.

ಯಜಮಾನರ ಜಗಲಿಯಲ್ಲಿ ನಾವು ನಾಲ್ವರು ಹೆಂಗಸರು ರಾಟೆಗೆ ಕೂರುತ್ತಿದ್ದೆವು. ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಗಂಡ ತೀರಿಹೋದ, ನಲವತ್ತರ ಆಸುಪಾಸಿನ ಹೆಂಗಸು. ಅವಳ ತವರು ಆಂಧ್ರದ ಗಡಿಯ ಕಡೆ, ಮನೆಮಾತು ತೆಲುಗು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು “ಅಮ್ಮಾಯಿ” ಎನ್ನುತ್ತಿದ್ದಳು. ತೆಲುಗಿನಲ್ಲಿ ಹುಡುಗಿಯನ್ನು ಹಾಗೇ ಕರೆಯುವುದು. ನೂಲು ತುಂಡಾದರೆ ಗಂಟು ಕಾಣದ ಹಾಗೆ ಹೊಸೆಯುವುದನ್ನು ನನಗೆ ಕಲಿಸಿದವಳು ಅವಳೇ. ನೇಯ್ಗೆಗೆಂದು ಇಲ್ಲಿಗೆ ಬಂದು ನೆಲೆಸಿದ್ದ ಅವಳ ಅಣ್ಣನ ಮನೆ ಅದೇ ಕೇರಿಯಲ್ಲಿತ್ತು. ಅಕ್ಕ ಅಲ್ಲೇ ಇದ್ದಳು.

ನನ್ನ ಚಿಕ್ಕಪ್ಪನ ಮಗಳ ಮದುವೆ ಗೊತ್ತಾಗಿತ್ತು. ನನಗೆ ಜುಮುಕಿ ಬೇಕಾಗಿತ್ತು. ಅಷ್ಟೇ. ಹಸಿವಿಲ್ಲ, ಜ್ವರವಿಲ್ಲ, ಸೈತಾನನೂ ಬಂದಿರಲಿಲ್ಲ, ಅವನ ಮೇಲೆ ಹಾಕುವುದು ತಪ್ಪು. ಬೀದಿಯಲ್ಲಿ ಹಳೆ ಜರಿ ಸೀರೆ ಕೊಳ್ಳುವವನೊಬ್ಬ ಬರುತ್ತಿದ್ದ. ಒಂದು ಮಧ್ಯಾಹ್ನ ಯಜಮಾನರ ಜರಿ ಬೀರುವಿನ ಬಾಗಿಲು ತೆರೆದೇ ಇದ್ದಾಗ ಜರಿಯ ಎರಡು ರೀಲು ತೆಗೆದೆ, ಅವನಿಗೆ ಕೊಟ್ಟೆ, ಜುಮುಕಿ ಬಂತು.

ಎರಡು ದಿನಕ್ಕೆ ಜರಿ ಕಳುವಾದದ್ದು ಗೊತ್ತಾಯಿತು. ನಮ್ಮ ಕಡೆ ಆಗ ಕಳ್ಳರನ್ನು ಹಿಡಿಯಲು ಪೊಲೀಸರಿಗಿಂತ ಅಕ್ಕಿಯನ್ನು ಹೆಚ್ಚು ನಂಬುತ್ತಿದ್ದರು. ಅಕ್ಕಿಯನ್ನು ದೇವರ ಮುಂದಿಟ್ಟು ಮಂತ್ರಿಸಿ, ಅನುಮಾನ ಇದ್ದವರಿಗೆಲ್ಲ ಒಂದೊಂದು ಚಿಟಿಕೆ ಕೊಡುತ್ತಾರೆ. ಅಗಿದು ಎಲೆಯ ಮೇಲೆ ಉಗಿಯಬೇಕು. ಕದ್ದವರ ಬಾಯಿ ಒಣಗಿರುತ್ತದಂತೆ, ಅಕ್ಕಿ ಹಿಟ್ಟಿನ ಹಾಗೆ ಒಣಗಿಯೇ ಬೀಳುತ್ತದಂತೆ. “ನಾಳೆ ಬೆಳಿಗ್ಗೆ ಎಲ್ರೂ ಬರ್ರಿ, ಅಕ್ಕಿ ಕೊಡ್ತೀನಿ” ಎಂದು ಯಜಮಾನರ ಹೆಂಡತಿ ಹೇಳಿದರು. ನಾಳೆ ಎಂದರೆ ಶನಿವಾರ. ಅಕ್ಕ ಶನಿವಾರ ಉಪವಾಸ ಇರುತ್ತಾಳೆ, ಸಂಜೆ ದೀಪ ಹಚ್ಚುವವರೆಗೆ ನೀರು ಕೂಡ ಮುಟ್ಟುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಪಕ್ಕದಲ್ಲಿ ಕೂರುವವಳಿಗೆ ಗೊತ್ತಿರದೆ ಇರುತ್ತದೆಯೇ?

ಮರುದಿನ ನಾನು ಒಂದು ಎಸಳು ಹುಣಸೆಹಣ್ಣನ್ನು ದವಡೆಯಲ್ಲಿಟ್ಟುಕೊಂಡು ಹೋದೆ.

ಜಗಲಿಯ ಸುತ್ತ ಕೇರಿಯೇ ನೆರೆದಿತ್ತು. ನನ್ನ ಅಕ್ಕಿ ನೆನೆದು ಮುದ್ದೆಯಾಗಿ ಬಿತ್ತು. ಅಕ್ಕನ ಸರದಿ ಬಂದಾಗ ಅವಳು, “ಬೆಳಿಗ್ಗೆಯಿಂದ ಬಾಯಿಗೆ ನೀರು ಹಾಕಿಲ್ಲಮ್ಮ, ಇವತ್ತು ಒಪ್ಪತ್ತು. ಆದ್ರೂ ಕೊಡ್ರಿ, ನನಗೇನು ಭಯ?” ಎಂದು ಉಪವಾಸ ಮುರಿದು ಅಗಿದಳು. ಎಲೆಯ ಮೇಲೆ ಬಿದ್ದದ್ದು ಬೆಳ್ಳಗಿನ ಪುಡಿ. ಯಜಮಾನರ ಹೆಂಡತಿ ಅವಳ ಗಲ್ಲ ಹಿಡಿದು ಬಾಯಿ ತೆರೆಸಿ, ಬೆರಳು ಹಾಕಿ ನೋಡಿದರು. ಎತ್ತಿನ ವ್ಯಾಪಾರದಲ್ಲಿ ಹಲ್ಲು ನೋಡುತ್ತಾರಲ್ಲ, ಹಾಗೆ. “ಒಪ್ಪತ್ತಂತೆ ಒಪ್ಪತ್ತು, ನಾಟಕ” ಎಂದು ಯಾರೋ ಅಂದರು. ಅಕ್ಕ ನನ್ನ ಕಡೆ ತಿರುಗಿ ನೋಡಿದಳು. ಶನಿವಾರದ ವಿಷಯ ನನಗೆ ಗೊತ್ತಿದೆಯಲ್ಲ, ಹೇಳುತ್ತಾಳೆ ಎಂದು. ನಾನು ತಲೆ ತಗ್ಗಿಸಿದೆ. ಬಾಯಿ ತೆರೆದರೆ ಹುಣಸೆಹಣ್ಣು ಕಾಣುತ್ತದಲ್ಲ.

ಆ ಸಂಜೆ ಅವಳ ಅಣ್ಣ ಅವಳ ಬಟ್ಟೆ ಗಂಟನ್ನು ಹೊರಗಿಟ್ಟು ಬಾಗಿಲು ಹಾಕಿಕೊಂಡರು. ಕೇರಿಯಲ್ಲಿ ಇನ್ನಾರೂ ಅವಳಿಗೆ ರಾಟೆ ಕೊಡಲಿಲ್ಲ. ಚಳ್ಳಕೆರೆಗೆ ಹೋಗಿ ಎಣ್ಣೆ ಮಿಲ್ಲಿನ ಕಣದಲ್ಲಿ ಶೇಂಗಾ ಆರಿಸುತ್ತಾಳಂತೆ ಎಂದು ಆಮೇಲೆ ಕೇಳಿದೆ. ಕೇಳಿ, ದೂರ ಹೋದಳಲ್ಲ ಸದ್ಯ ಎಂದುಕೊಂಡೆ.

ಮುಂದೆ ಮದುವೆ, ಮಕ್ಕಳು. ಎಂಟು ವರ್ಷ ಕಳೆದ ಮೇಲೆ ನೆರೆಮನೆಯವರೊಬ್ಬರು ಪ್ರಾರ್ಥನೆಗೆ ಕರೆದುಕೊಂಡು ಹೋದರು. ಊರ ಹೊರಗೆ ಶೀಟಿನ ಮನೆ, ಚಾಪೆ ಹಾಸಿ ಕೂತ ಮೂವತ್ತು ಜನ. ಬರುವವರೆಲ್ಲ ಗಾರೆ ಕೆಲಸದವರು, ಕಲ್ಲು ಒಡೆಯುವವರು. ಮಗ್ಗದ ಕೇರಿಯಿಂದ ನಾವಿಬ್ಬರೇ. ಪಾಪಿಗಳಿಗಾಗಿಯೇ ಸತ್ತ ದೇವರೊಬ್ಬ ಇದ್ದಾನೆ ಎಂದು ಪಾಸ್ಟರು ಹೇಳಿದಾಗ ನನಗೆ ಮೈ ನಡುಗಿತು. ಅದು ನಾಟಕವಲ್ಲ. ಆ ವರ್ಷ ಒಬ್ಬ ವಿಶ್ವಾಸಿಯ ಹೊಲದಲ್ಲಿ ಬೋರ್‌ವೆಲ್ ನೀರಿನ ಸಿಮೆಂಟ್ ತೊಟ್ಟಿಗೆ ಇಳಿದು ದೀಕ್ಷಾಸ್ನಾನ ತೆಗೆದುಕೊಂಡೆ. ನಮ್ಮ ಸೀಮೆಯಲ್ಲಿ ಮುಳುಗುವಷ್ಟು ನೀರು ಹಳ್ಳದಲ್ಲಿ ಎಲ್ಲಿದೆ? ನೀರಿನಿಂದ ಎದ್ದಾಗ ಮೈ ಹಗುರವಾಗಿತ್ತು. ಈಗಲೂ ನಾನು ಆ ಹಗುರವನ್ನು ಸುಳ್ಳೆನ್ನುವುದಿಲ್ಲ.

ಆದರೆ ಒಂದು ಮುಳ್ಳು ಉಳಿದಿತ್ತು. ಪಾಸ್ಟರಮ್ಮನನ್ನು ಕೇಳಿದೆ, “ಆವತ್ತು ಕದ್ದಿದ್ದನ್ನ ಈಗ ಯಜಮಾನರಿಗೆ ಹೋಗಿ ಹೇಳ್ಬೇಕೇನ್ರಿ?” ಯಜಮಾನರು ಅಷ್ಟರಲ್ಲಿ ತೀರಿಕೊಂಡಿದ್ದರು, ಅದನ್ನೂ ಸೇರಿಸಿದೆ. ಅವರು ನನ್ನ ಕೈ ಹಿಡಿದು, “ದೇವರೇ ಮರೆತಿದ್ದನ್ನ ನೀವ್ಯಾಕೆ ಕೆದಕ್ತೀರಿ?” ಎಂದರು. ಆ ತಾಯಿಯದು ತಪ್ಪಿಲ್ಲ. ಇನ್ನೊಬ್ಬ ಹೆಂಗಸಿನ ಸುದ್ದಿಯನ್ನೇ ನಾನು ಎತ್ತಿರಲಿಲ್ಲ. ಅರ್ಧ ಪ್ರಶ್ನೆ ಕೇಳಿ ಪೂರಾ ಉತ್ತರ ಪಡೆದುಕೊಂಡು ಮನೆಗೆ ಬಂದೆ. ಬಂದು ಚೆನ್ನಾಗಿ ನಿದ್ದೆ ಮಾಡಿದೆ.

ಮೂರು ವರ್ಷದ ಹಿಂದೆ ಚಳ್ಳಕೆರೆಯ ಸಭೆಯವರು ಹೆಂಗಸರ ಕೂಟ ಮಾಡಿ ನನ್ನನ್ನು ಸಾಕ್ಷಿಗೆ ಕರೆದರು. ಚಳ್ಳಕೆರೆ ಎಂದಾಗ ಅಕ್ಕ ನೆನಪಾದಳು. ಅಷ್ಟು ದೊಡ್ಡ ಊರಲ್ಲಿ ಯಾರು ಯಾರಿಗೆ ಸಿಗುತ್ತಾರೆ ಎಂದು ಸಮಾಧಾನ ಮಾಡಿಕೊಂಡು ಹೋದೆ. ಸಾಕ್ಷಿ ಹೇಳಿದೆ, ಮಗು, ಜ್ವರ, ಫಿಟ್ಸ್ ಎಲ್ಲ ಸೇರಿಸಿ. ಗಂಟಲು ಅದೇ ಜಾಗದಲ್ಲಿ ಕಟ್ಟಿತು.

ಮುಗಿದ ಮೇಲೆ ಅಲ್ಲಿನ ಸಭೆಯ ಹೆಣ್ಣುಮಗಳೊಬ್ಬಳು ಕಣ್ಣೊರೆಸಿಕೊಳ್ಳುತ್ತ ಬಂದಳು. ಒಳ್ಳೆಯ ಮನಸ್ಸಿನ ಹುಡುಗಿ, ಮಿಲ್ಲಿನಲ್ಲಿ ಕೂಲಿ ಮಾಡುತ್ತಿದ್ದಳು.

“ಅಕ್ಕ, ನಮ್ ಜತೆ ಶೇಂಗಾ ಆರ್ಸೋ ಒಬ್ಬ ಅಜ್ಜಿ ಅವ್ರೆ. ಅವ್ರೂ ಮೊಳಕಾಲ್ಮೂರೋರೇ. ಅವ್ರೂ ನಿಮ್ಮಂಗೇ ಜರಿ ಕದ್ದು ಸಿಕ್ಕಾಕ್ಕೊಂಡು ಊರು ಬಿಟ್ಟೋರಂತೆ” ಎಂದಳು.

ನಾನು ಬೈಬಲ್ಲನ್ನು ಚೀಲಕ್ಕೆ ಹಾಕಿಕೊಳ್ಳತೊಡಗಿದೆ.

“ಎಷ್ಟು ಹೇಳಿದ್ರೂ ಒಪ್ಪಲ್ಲ ಅಕ್ಕ. ನಾನ್ ಕದ್ದಿಲ್ಲ, ನಾನ್ ಕದ್ದಿಲ್ಲ ಅಂತ ಒಂದೇ ಮಾತು. ಒಪ್ಕೊಳ್ಳದೆ ಕ್ಷಮೆ ಹೆಂಗೆ ಸಿಗ್ತೈತೆ? ನೀವು ಅದೇ ಪಾಪದಿಂದ ಎದ್ದು ಬಂದೋರು, ನಿಮ್ ಮಾತು ನಾಟ್ತೈತೆ. ಇಲ್ಲೇ ಹತ್ರ, ಬರ್ರಿ.”

ತಲೆನೋವು ಎನ್ನಬಹುದಿತ್ತು, ಬಸ್ಸಿಗೆ ಹೊತ್ತಾಯಿತು ಎನ್ನಬಹುದಿತ್ತು. ಆದರೆ ಸುತ್ತ ಹೆಂಗಸರು ನಿಂತಿದ್ದರು, “ಹೋಗಿ ಬರ್ರಿ, ಒಂದಾತ್ಮ ಉಳಿದೀತು” ಎನ್ನುತ್ತಿದ್ದರು. ನನ್ನಂಥ ದೊಡ್ಡ ಸಾಕ್ಷಿಯವಳು ಆಗುವುದಿಲ್ಲ ಎನ್ನುವುದು ಹೇಗೆ? ಹೋದೆ.

ಮಿಲ್ಲುಗಳ ಹಿಂದೆ ಸಾಲು ಶೀಟಿನ ಕೋಣೆಗಳು. ಅಕ್ಕ ಬಾಗಿಲಲ್ಲಿ ಕೂತು ಮೊರದಲ್ಲಿ ಏನೋ ಕೇರುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಅರೆಗಳಿಗೆ ದಿಟ್ಟಿಸಿ ಮೊರ ಬಿಟ್ಟು ಎದ್ದಳು.

“ಅಮ್ಮಾಯಿ! ನೀನೇನೇ? ಎಷ್ಟು ದಪ್ಪ ಆಗಿದೀಯೇ!” ಎಂದು ನನ್ನ ಎರಡೂ ಕೆನ್ನೆ ಹಿಡಿದುಕೊಂಡಳು. ಇದ್ದ ಒಂದೇ ಪ್ಲಾಸ್ಟಿಕ್ ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೂರಿಸಿದಳು. ಮಕ್ಕಳೆಷ್ಟು, ಗಂಡ ಹೇಗೆ ನೋಡಿಕೊಳ್ಳುತ್ತಾನೆ, ರಾಟೆ ಇನ್ನೂ ಕೈಯಲ್ಲೇ ತಿರುಗಿಸುತ್ತೀಯಾ, ಕರೆಂಟಿನದು ಬಂತಾ, ಎಲ್ಲ ಕೇಳಿದಳು. ಬೈದಿದ್ದರೆ ನನಗೆ ಬದುಕಲು ದಾರಿ ಇತ್ತು.

ಪ್ರಾರ್ಥನೆ ಮಾಡಲು ಬಂದಿದ್ದೇವೆ ಎಂದಷ್ಟೇ ಹುಡುಗಿ ಹೇಳಿದಳು, ನಾನು ಕದ್ದ ಸುದ್ದಿ ತೆಗೆಯಲಿಲ್ಲ. ಅಕ್ಕ ನಕ್ಕು, “ಪ್ರಾರ್ಥನೆ ತಾನೇ? ಮಾಡ್ರಿ. ಯಾವ ದೇವರಾದ್ರೇನು, ಒಳ್ಳೇದು ಕೇಳೋದು ತಾನೇ” ಎಂದು ನೆಲದ ಮೇಲೆ ಕೂತು ತಲೆ ಬಾಗಿಸಿದಳು. “ನೀವೇ ಮಾಡ್ರಿ ಅಕ್ಕ” ಎಂದು ಹುಡುಗಿ ನನ್ನನ್ನು ಮುಂದೆ ತಳ್ಳಿದಳು.

ನಾನು ಕೈ ಎತ್ತಿ ಅವಳ ನೆತ್ತಿಯ ಮೇಲಿಟ್ಟೆ. ಕರ್ತನೇ, ಈ ಸಹೋದರಿಯ ಪಾಪವನ್ನು ಕ್ಷಮಿಸು ಎಂದೆ. ಮರೆಮಾಚಿದ್ದನ್ನು ಒಪ್ಪಿಕೊಳ್ಳುವ ಮನಸ್ಸು ಕೊಡು ಎಂದೆ. ನನ್ನ ಬಾಯಿ ತಾನಾಗಿ ಆಡುತ್ತಿತ್ತು, ರೂಢಿಯಾಗಿದೆಯಲ್ಲ. ಕಣ್ಣು ಮುಚ್ಚಿಕೊಂಡು ಮಾತ್ರ ಇರಲಾಗಲಿಲ್ಲ. ಬಿಟ್ಟು ನೋಡಿದರೆ ಅವಳು ಕೈ ಜೋಡಿಸಿ, ಚಿಕ್ಕ ಮಕ್ಕಳ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ಕೈ ತೆಗೆದಾಗ ಅಂಗೈಗೆ ಶೇಂಗಾ ಸಿಪ್ಪೆಯ ಕೆಂಪು ಧೂಳು ಅಂಟಿತ್ತು.

ಅಕ್ಕ ಎದ್ದು ಸೀರೆ ಸರಿಮಾಡಿಕೊಂಡಳು. “ಈ ಹುಡುಗಿ ಬೇಜಾರು ಮಾಡ್ಕೋಬಾರ್ದು. ಆದ್ರೆ ನಾನು ಜರಿ ಮುಟ್ಟಿಲ್ಲ ಅಮ್ಮಾಯಿ. ನೀನು ಪಕ್ಕದಲ್ಲೇ ಕೂರ್ತಿದ್ದೋಳು, ನಿನಗೆ ಗೊತ್ತಲ್ಲ?”

“ಗೊತ್ತಕ್ಕ” ಎಂದೆ.

ಆ ಒಂದು ಮಾತಿಗೇ ಅವಳ ಮುಖ ಅರಳಿತು. ಹುಡುಗಿಯ ಕಡೆ ತಿರುಗಿ, “ನೋಡಿದ್ಯಾ?” ಎನ್ನುವ ಹಾಗೆ ತಲೆ ಆಡಿಸಿದಳು. ಸಮಾಧಾನಕ್ಕೆ ಹೇಳಿದ ಮಾತು ಎಂದುಕೊಂಡು ಹುಡುಗಿ ನನಗೆ ಕಣ್ಣಲ್ಲೇ ಮೆಚ್ಚುಗೆ ಸೂಚಿಸಿದಳು.

ಬಸ್ಸಿನಲ್ಲಿ ಹಾನಗಲ್ ಕ್ರಾಸಿನವರೆಗೂ ನಾನು ಆ ಅಂಗೈಯನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡೇ ಕೂತಿದ್ದೆ. ಮುಖಕ್ಕೆ ತಾಗಿಸಲು ಅಸಹ್ಯವಾಗುತ್ತಿತ್ತು. ಧೂಳಿಗಲ್ಲ, ಕೈಗೆ. ಅಷ್ಟು ವರ್ಷ ನಾನು ಹೇಳಿದ್ದು ಪಾಪದ ಅರಿಕೆಯಲ್ಲ, ಪಾಪದ ಪ್ರದರ್ಶನ. ಕ್ಷಮೆ ಕೇಳಬೇಕಾದವಳ ತಲೆಯ ಮೇಲೆ ಕೈಯಿಟ್ಟು ಕ್ಷಮೆ ಹಂಚಿ ಬಂದಿದ್ದೆ. ಯೇಸುಸ್ವಾಮಿಯ ರಕ್ತವನ್ನು ನನ್ನ ಸುಳ್ಳು ಒರೆಸುವ ಅರಿವೆ ಮಾಡಿಕೊಂಡಿದ್ದೆ. ಮನೆಯಲ್ಲಿ ಪ್ರಾರ್ಥನೆಗೆ ಕೂತರೆ ಒಂದು ಮಾತೂ ಬರಲಿಲ್ಲ, ಮರುದಿನವೂ ಬರಲಿಲ್ಲ.

ಮುಂದಿನ ಭಾನುವಾರ ಸಭೆ ತಪ್ಪಿಸಿ, ಮನೆಯಲ್ಲೂ ಹೇಳದೆ, ಚಳ್ಳಕೆರೆಯ ಬಸ್ಸು ಹತ್ತಿದೆ. ಅಕ್ಕ ಒಬ್ಬಳೇ ಇದ್ದಳು. ಕೂರದೆ, ಬಾಗಿಲಲ್ಲಿ ನಿಂತೇ ಹೇಳಿದೆ. “ಜರಿ ತಗೊಂಡಿದ್ದು ನಾನಕ್ಕ. ಜುಮುಕಿಗೆ. ಅಕ್ಕಿ ಕೊಟ್ಟ ದಿನ ನನ್ ಬಾಯಲ್ಲಿ ಹುಣಸೆಹಣ್ಣಿತ್ತು. ನೀನು ಉಪವಾಸ ಅಂತ ಗೊತ್ತಿದ್ದೂ ಸುಮ್ನಿದ್ದೆ.”

ಅವಳು ಕೂಗಾಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು, “ಹಂಗಾದ್ರೆ ಅಕ್ಕಿ ನನ್ನ ಹಿಡಿದಿರ್ಲಿಲ್ವಾ?”

ನನಗೆ ಅರ್ಥವಾಗಲಿಲ್ಲ.

“ಅಕ್ಕಿ ಸುಳ್ಳು ಹೇಳಲ್ಲ ಅಂತ ನಮ್ಮವ್ವ ಹೇಳ್ತಿದ್ಲು. ನಾನು ಜರಿ ಮುಟ್ಟಿಲ್ಲ, ಅದು ನನಗೆ ಗೊತ್ತು. ಆದ್ರೂ ಅಕ್ಕಿ ಒಣಗಿತ್ತಲ್ಲ? ಬೇರೇದೇನೋ ಪಾಪ ಮಾಡಿದೀನಿ, ಅದನ್ನ ದೇವರು ತೋರಿಸ್ದ ಅಂದ್ಕೊಂಡೆ. ಏನಿರಬೋದು ಅಂತ ಹುಡುಕಿದೆ. ನಮ್ಮನೆಯೋರು ಸಾಯೋ ಮುಂಚೆ ಒಂದಿನ ನೀರು ನೀರು ಅಂತಿದ್ರು. ಮೂರು ದಿನದಿಂದ ಕಣ್ಮುಚ್ಚಿರ್ಲಿಲ್ಲ ನಾನು, ಇರ್ರಿ ತರ್ತೀನಿ ಅಂತ ಹಂಗೇ ಗೋಡೆಗೊರಗಿ ತೂಕಡಿಸ್ಬಿಟ್ಟೆ. ಅದೇ ಇರಬೇಕು ಅಂತ ಗಟ್ಟಿ ಮಾಡ್ಕೊಂಡೆ. ಅವತ್ತಿಂದ ಸೋಮವಾರನೂ ಉಪವಾಸ ಹಿಡಿದೆ. ಹದಿನೆಂಟು ವರ್ಷ ಆಯ್ತು.”

ಪಾಪ ಮಾಡಿದವಳು ಊರೂರು ತಿರುಗಿ ಸ್ತೋತ್ರ ಹೇಳಿಸಿಕೊಳ್ಳುತ್ತಿದ್ದಾಗ, ಮಾಡದವಳು ಕೋಣೆಯಲ್ಲಿ ಹಸಿದು ಕೂತು ಪಶ್ಚಾತ್ತಾಪ ಪಡುತ್ತಿದ್ದಳು. ನಾನು ಅವಳ ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡಳು. ಆಗ ಸಿಟ್ಟು ಬಂತು ಅವಳಿಗೆ.

“ಕಾಲು ಮುಟ್ಬೇಡ. ನಿಮ್ಮೋರ ಮುಂದೆ ಊರೂರಾಗೆ ಪಾಪ ಹೇಳ್ಕೊಂತೀಯಂತೆ, ಆ ಹುಡುಗಿ ಹೇಳಿದ್ಲು. ನನ್ ಬಾಯಿ ತೆಗೆಸಿ ಬೆರಳು ಹಾಕಿದ್ದು ಯಾವ ಕೇರಿಯಾಗೆ? ಅಲ್ಲಿ ಹೇಳಿದೀಯಾ?”

“ಇಲ್ಲಕ್ಕ.”

“ಅಲ್ಲಿ ಹೇಳು ಹೋಗು.”

“ನೀನೂ ಬರ್ತೀಯಾ?” ಎಂದೆ. ಎಂಥ ಪ್ರಶ್ನೆ!

“ನಾನ್ಯಾಕೆ ಬರ್ಲಿ? ಒಂದ್ಸಲ ನಿಂತಿದೀನಿ ಅಲ್ಲಿ” ಎಂದು ಒಳಗೆ ಹೋದಳು.

ಊರೂರಲ್ಲಿ ಮೈಕು ಹಿಡಿದವಳಿಗೆ ನಮ್ಮದೇ ಕೇರಿಯ ಜಗಲಿಗೆ ಹೋಗಿ ನಾಲ್ಕು ಮಾತು ಹೇಳಲು ಎಂಟು ದಿನ ಬೇಕಾಯಿತು. ಮೊದಲ ದಿನ ಅಲ್ಲಿಯವರೆಗೂ ಹೋಗಿ, ನೂಲು ತೆಗೆದುಕೊಂಡು ವಾಪಸು ಬಂದೆ. ನಂಬಿಕೆಯವಳು ಎಂದು ಯಜಮಾನರ ಮನೆಯ ಜರಿ ಬೀರುವಿನ ಬೀಗದ ಕೈ ಆಗ ನನ್ನ ಹತ್ತಿರವೇ ಇರುತ್ತಿತ್ತು. ಯೇಸುಸ್ವಾಮಿಗೆ ನಡೆದುಕೊಳ್ಳುವವಳು, ಕದಿಯುವುದಿಲ್ಲ ಎಂದು ಕೊಟ್ಟಿದ್ದರು. ನಾನು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ.

ಒಂದು ಸೋಮವಾರ ಬೆಳಿಗ್ಗೆ, ನೂಲು ಹಂಚುವ ಹೊತ್ತಿಗೆ ಹೇಳಿದೆ. ಯಜಮಾನರ ಹೆಂಡತಿ ಕುರ್ಚಿಯಲ್ಲಿ ಕೂತಿದ್ದರು, ಈಗ ಮಂಡಿನೋವು, ಎದ್ದು ಓಡಾಡುವುದಿಲ್ಲ. ಅವರ ಮಗ, ಏಳೆಂಟು ಹೆಂಗಸರು, ಇಬ್ಬರು ನೇಕಾರರು, ಅಕ್ಕನ ಅತ್ತಿಗೆಯೂ ಇದ್ದರು. ಬೀಗದ ಕೈಯನ್ನು ಯಜಮಾನರ ಹೆಂಡತಿಯ ಮುಂದಿಟ್ಟು ಹೇಳಿದೆ. ಮಗು ಇಲ್ಲ, ಜ್ವರ ಇಲ್ಲ, ಸೈತಾನ ಇಲ್ಲ. ಎರಡು ನಿಮಿಷದಲ್ಲಿ ಮುಗಿಯಿತು. ಗಂಟಲು ಎಲ್ಲೂ ಕಟ್ಟಲಿಲ್ಲ, ಬಾಯಿ ಮಾತ್ರ ಒಣಗಿತ್ತು.

ಯಾರೂ ಸ್ತೋತ್ರ ಎನ್ನಲಿಲ್ಲ. ಪಕ್ಕದ ಮನೆಯ ಮಗ್ಗ ಬಡಿಯುತ್ತಲೇ ಇತ್ತು. ಯಜಮಾನರ ಹೆಂಡತಿ ತಮ್ಮ ಬಲಗೈಯನ್ನು ನೋಡಿಕೊಂಡರು, ಬೆರಳು ಹಾಕಿದ ಕೈ. “ನನ್ ಕೈಯಾಗೆ ಎಂಥಾ ಪಾಪ ಮಾಡಿಸ್ಬಿಟ್ಯಲ್ಲೇ” ಎಂದರು. ಮಗ ಅಷ್ಟೇ ಮೆಲ್ಲಗೆ, “ನೂಲು ಅಲ್ಲೇ ಇಟ್ಟು ಹೋಗಮ್ಮ. ನಾಳೆಯಿಂದ ಬರೋದು ಬೇಡ” ಎಂದ. ಅತ್ತಿಗೆ ಸೆರಗು ಬಾಯಿಗಿಟ್ಟುಕೊಂಡು ಎದ್ದು ಹೋದರು. ಮಧ್ಯಾಹ್ನದೊಳಗೆ ಸುದ್ದಿ ನನ್ನ ಮಕ್ಕಳ ಶಾಲೆಗೂ ಮುಟ್ಟಿತ್ತು. ದೊಡ್ಡವಳು ಮನೆಗೆ ಬಂದು, “ಹೌದೇನವ್ವಾ?” ಎಂದಳು. ಹೌದು ಎಂದೆ. ಅವಳು ಆ ದಿನ ನನ್ನ ಕೈಯ ಊಟ ಮಾಡಲಿಲ್ಲ. ಈಗ ನಾನು ಮನೆಯಲ್ಲೇ ಸೀರೆಗೆ ಕುಚ್ಚು ಕಟ್ಟುತ್ತೇನೆ, ಬೇರೆ ಊರಿನಿಂದ ತಂದುಕೊಡುತ್ತಾರೆ.

ಆ ಭಾನುವಾರ ಸಭೆಗೆ ಹೋದೆ. ಪಾಸ್ಟರಿಗೆ ಎಲ್ಲ ತಿಳಿದಿತ್ತು. ಅವರ ಕಣ್ಣು ತುಂಬಿತ್ತು, ಒಳ್ಳೆಯ ಮನುಷ್ಯ. “ಈಗ ನಿಮ್ಮ ಸಾಕ್ಷಿ ಪೂರ್ತಿ ಆಯ್ತು ನೋಡ್ರಿ. ಎದ್ದು ಹೇಳ್ರಿ” ಎಂದರು. ಎದ್ದು ನಿಲ್ಲುವ ಮೊದಲೇ ನನ್ನ ತಲೆಯಲ್ಲಿ ಅದು ಸಾಲಾಗಿ ಜೋಡಣೆಯಾಗುತ್ತಿತ್ತು: ಅಂಗೈಯ ಧೂಳು ಎಲ್ಲಿ ಹೇಳಬೇಕು, ಎಲ್ಲಿ ತಡೆದು ನಿಲ್ಲಬೇಕು. ನನಗೆ ನನ್ನ ಮೇಲೆ ಹೇಸಿಗೆ ಬಂತು. ಆಗುವುದಿಲ್ಲ ಎಂದು ತಲೆ ಆಡಿಸಿದೆ. ಕ್ಷಮೆಯನ್ನು ನಾನು ಈಗಲೂ ನಂಬುತ್ತೇನೆ, ಹಿಂದಿಗಿಂತ ಹೆಚ್ಚು ನಂಬುತ್ತೇನೆ, ಏಕೆಂದರೆ ಅದಿಲ್ಲದೆ ನನ್ನಂಥವಳು ಮುಖ ತೊಳೆದು ಹೊರಗೆ ಬರಲಾಗದು. ಆದರೆ ಸಾಕ್ಷಿಗೆ ಮತ್ತೆ ಎದ್ದಿಲ್ಲ.

ಹತ್ತು ದಿನದ ಮೇಲೆ ಅಕ್ಕನ ಫೋನು ಬಂತು. ನಂಬರು ಅತ್ತಿಗೆ ಕೊಟ್ಟಿದ್ದಂತೆ.

“ಹೇಳಿದೆಯಂತೆ” ಎಂದಳು.

“ಹೇಳ್ದೆ ಅಕ್ಕ.”

“ಅತ್ತಿಗೆ ಫೋನ್ ಮಾಡಿ ಅತ್ಲು. ಬಾ ಅಂತ ಕರೆದ್ಲು.” ಹಿಂದೆ ಕಣದಲ್ಲಿ ಹೆಂಗಸರು ಮಾತಾಡುವುದು ಕೇಳುತ್ತಿತ್ತು. ಅವಳ ಅಣ್ಣ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. “ನಮ್ಮಣ್ಣ ಹಾಸಿಗೆ ಹಿಡಿದಾಗ ನೋಡಾಕೆ ಹೋಗಿದ್ದೆಯಂತೆ ನೀನು?”

“ಹೋಗಿದ್ದೆ. ಪ್ರಾರ್ಥನೆ ಮಾಡೋಕೆ.”

“ನನ್ ಮಾತೇನಾದ್ರೂ ತೆಗೆದ್ನಾ?”

ಇಲ್ಲ ಎಂದು ಹೇಳಿಬಿಡಬಹುದಿತ್ತು. ಅತ್ತಿಗೆ ಆಗ ಅಡುಗೆಮನೆಯಲ್ಲಿದ್ದರು, ಬೇರೆ ಯಾರೂ ಕೇಳಿಸಿಕೊಂಡಿರಲಿಲ್ಲ. ಅಕ್ಕನ ಮನಸ್ಸಿಗೂ ಅದೇ ಒಳ್ಳೆಯದು ಎಂದು ನನ್ನ ಹಳೆಯ ಬುದ್ಧಿ ಹೇಳುತ್ತಿತ್ತು.

“ತೆಗೆದ್ರು ಅಕ್ಕ. ನನ್ ತಂಗಿ ಕದಿಯೋಳಲ್ಲ ಅಂತ ಒಂದೊಂದ್ಸಲ ಅನ್ನಿಸ್ತೈತೆ, ನೀನು ಪಕ್ಕದಲ್ಲೇ ಕೂತಿದ್ದೋಳು, ನೀನೇನಂತೀಯ, ಅಂತ ಕೇಳಿದ್ರು.”

“ನೀನೇನಂದೆ?”

“ದೇವರು ಅವಳನ್ನ ಕ್ಷಮಿಸಿರ್ತಾನೆ ಬಿಡಣ್ಣ ಅಂದೆ.”

ಅವಳು ಫೋನು ಕಟ್ ಮಾಡಿದಳು. ನಾನು ತಿರುಗಿ ಮಾಡಲಿಲ್ಲ.